ಮೊದಲು ಟೈರೋ, ಲಾಕರೋ? ಓದುಗರ ಪ್ರಶ್ನೆಗಳಿಗೆ ಉತ್ತರ

ದಾರಿಯಿಲ್ಲದ ಕಡೆ ಓಡುವ ಗಾಡಿಗಳ ಡಿಫರೆನ್ಷಿಯಲ್ ಲಾಕರ್ ಮತ್ತು ಟೈರುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತರಹದವನ್ನು ಸೇರಿಸಿದ್ದೇವೆ. ಡಿಫರೆನ್ಷಿಯಲ್ ಎಂದರೆ ಒಂದೇ ಆಕ್ಸಲ್‌ನ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ; ಲಾಕರ್ ಅದಕ್ಕೆ ಬೀಗ ಹಾಕಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುತ್ತದೆ. ಬೀಗವಿಲ್ಲದ ಸಾದಾ ಡಿಫರೆನ್ಷಿಯಲ್ಲೇ ‘ಓಪನ್’. ಟೈರಿನ ಗಾಳಿಯ ಲೆಕ್ಕವೆಲ್ಲ ಪಿಎಸ್‌ಐನಲ್ಲಿದೆ. ತಣ್ಣಗಿರುವ ಟೈರಿನಲ್ಲಿ ಅಳೆದದ್ದು ಎಂದು ತಿಳಿಯಿರಿ.

ಪ್ರಶ್ನೆ: ನನ್ನ ಫೋರ್ ಬೈ ಫೋರ್ ಗಾಡಿಯಲ್ಲಿ ಇನ್ನೂ ಕಂಪನಿಯ ಹೈವೇ ಟೈರುಗಳೇ ಇವೆ. ಹಿಂದೆ, ಮುಂದೆ ಎರಡೂ ಓಪನ್ ಡಿಫರೆನ್ಷಿಯಲ್. ಸದ್ಯಕ್ಕೆ ಒಂದಕ್ಕೆ ಮಾತ್ರ ಖರ್ಚು ಮಾಡಬಲ್ಲೆ. ಟೈರು ಬದಲಿಸಲೋ, ಹಿಂದಿನ ಲಾಕರ್ ಹಾಕಿಸಲೋ?

ಟೈರು. ಅದಕ್ಕೂ ಮೊದಲು ಒಂದು ನಂಬಿಕಸ್ತ ಪ್ರೆಶರ್ ಗೇಜು, ಒಂದು ಕಂಪ್ರೆಸರು. ಲಾಕರ್ ಹೊಸದಾಗಿ ಹಿಡಿತ ಹುಟ್ಟಿಸುವುದಿಲ್ಲ. ಎರಡು ಚಕ್ರಗಳ ಕೆಳಗೆ ಈಗಾಗಲೇ ಇರುವ ಹಿಡಿತ ಪೋಲಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಟೈರಿನ ಸಂದುಗಳೆಲ್ಲ ಕೆಸರು ತುಂಬಿ ನುಣ್ಣಗಾಗಿದ್ದರೆ ಲಾಕರ್ ಇರುವ ಗಾಡಿಯೂ ಹೂತುಕೊಳ್ಳುತ್ತದೆ, ಗುಂಡಿಗಳ ಸಂಖ್ಯೆ ಮಾತ್ರ ಹೆಚ್ಚು.

ಆದರೆ ನಿಮ್ಮ ಕಷ್ಟ ಯಾವ ಜಾತಿಯದು ಎಂದು ಮೊದಲು ಪತ್ತೆ ಮಾಡಿ. ಮುಂದಿನ ಸಲ ಸಿಕ್ಕಿಹಾಕಿಕೊಂಡಾಗ ಜೊತೆಯವರೊಬ್ಬರು ದೂರದಲ್ಲಿ, ಪಕ್ಕಕ್ಕೆ ನಿಂತು ನೋಡಲಿ. ಮುಂದಿನ ಒಂದು ಚಕ್ರ, ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಹಿಂದಿನ ಒಂದು ಚಕ್ರ ಗಿರಗಿರನೆ ತಿರುಗುತ್ತಾ, ಉಳಿದೆರಡು ಕದಲದೆ ನಿಂತಿದ್ದರೆ ಅದು ಲಾಕರ್ ಬೇಡುವ ಕಷ್ಟ. ಹೊಂಡ, ಬಂಡೆ, ಕೊರಕಲು ದಾಟುವಾಗ ಆಗುವುದು ಇದೇ. ಒಂದೇ ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗುತ್ತಿದ್ದರೆ ಲಾಕರ್‌ನಿಂದ ಏನೂ ಸಿಗದು. ಟೈರು ಮತ್ತು ಗಾಳಿಯ ಕಡೆ ನೋಡಬೇಕು.

ಪ್ರಶ್ನೆ: ಗಾಡಿಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಗೆಳೆಯನ ಗಾಡಿಯಲ್ಲಿ ಗೇರು ಮಾದರಿಯ ಲಿಮಿಟೆಡ್ ಸ್ಲಿಪ್ ಇದೆ. ಇವಿದ್ದ ಮೇಲೆ ಲಾಕರ್ ಯಾಕೆ? ಚಕ್ರ ಗಾಳಿಯಲ್ಲಿ ನೇತಾಡುವಾಗ ಬ್ರೇಕು ಮೆಲ್ಲಗೆ ಒತ್ತಿದರೆ ಗಾಡಿ ಹತ್ತುತ್ತದೆ ಎಂದು ಅವನು ಹೇಳುತ್ತಾನೆ. ನನ್ನದರಲ್ಲಿ ಹಾಗೆ ಆಗಲಿಲ್ಲ.

ಗೆಳೆಯ ಹೇಳಿದ್ದು ಅವನ ಗಾಡಿಯ ಮಟ್ಟಿಗೆ ನಿಜ. ಲೆಕ್ಕ ಹಾಕಿದರೆ ಯಾಕೆಂದು ಗೊತ್ತಾಗುತ್ತದೆ.

ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಎಡ ಚಕ್ರ ಜಾರು ಕೆಸರಿನಲ್ಲಿದ್ದು 100 ನ್ಯೂಟನ್ ಮೀಟರ್‌ಗೇ ಜಾರುತ್ತದೆ ಎನ್ನಿ. ಬಲ ಚಕ್ರ ಗಟ್ಟಿ ನೆಲದ ಮೇಲಿದ್ದು 1,500 ತಾಳಿಕೊಳ್ಳಬಲ್ಲದಾದರೂ ಅದಕ್ಕೆ ದಕ್ಕುವುದು ಅದೇ 100. ಗೇರು ಮಾದರಿಯ ಲಿಮಿಟೆಡ್ ಸ್ಲಿಪ್, ಅಂದರೆ ಟಾರ್ಸನ್ ತರಹದ್ದು, ಹಿಡಿತವಿರುವ ಕಡೆಗೆ ಕೆಲವು ಪಟ್ಟು ಹೆಚ್ಚು ಕಳಿಸುತ್ತದೆ. ಆ ಪಟ್ಟು 3 ಆಗಿದ್ದರೆ ಬಲಕ್ಕೆ 300. ಎಡ ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ? ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಆಗ ಬ್ರೇಕನ್ನು ಪ್ರತಿ ಚಕ್ರಕ್ಕೆ 150ರಷ್ಟು ಒತ್ತಿದಿರಿ ಎನ್ನಿ. ಗಾಳಿಯಲ್ಲಿರುವ ಚಕ್ರ 150 ತಡೆಯುತ್ತದೆ, ಇನ್ನೊಂದಕ್ಕೆ 450 ಹೋಗುತ್ತದೆ, ಅದರಲ್ಲಿ 150 ಅದರದೇ ಬ್ರೇಕಿಗೆ ಕಳೆದು 300 ನೆಲಕ್ಕೆ ಸಿಗುತ್ತದೆ. ಅದೇ ಓಪನ್ ಡಿಫರೆನ್ಷಿಯಲ್‌ನಲ್ಲಿ ಆಚೆಗೆ 150, ಈಚೆಗೆ 150, ಬ್ರೇಕಿಗೆ 150. ಉಳಿಯುವುದು ಸೊನ್ನೆ. ನೀವು ಕಂಡದ್ದು ಇದನ್ನೇ.

ಟ್ರ್ಯಾಕ್ಷನ್ ಕಂಟ್ರೋಲ್ ತಿರುಗುವ ಚಕ್ರವೊಂದಕ್ಕೆ ಮಾತ್ರ ಬ್ರೇಕು ಹಾಕುವುದರಿಂದ ಓಪನ್ ಡಿಫರೆನ್ಷಿಯಲ್‌ನಲ್ಲೂ ಕೆಲಸ ಮಾಡುತ್ತದೆ. ಜಿಮ್ನಿಯಂಥ ಗಾಡಿಗಳು ನಿಧಾನದ ಓಟಕ್ಕೆ, ಹೆಚ್ಚಿನ ಎಳೆತಕ್ಕೆ ಇರುವ ಲೋ ರೇಂಜ್‌ನಲ್ಲಿ ಇದರ ಬಲದಿಂದಲೇ ಬಹಳ ದೂರ ಹೋಗುತ್ತವೆ. ಅದಕ್ಕೆ ಎರಡು ಮಿತಿ. ಚಕ್ರ ಜಾರಿದ ಮೇಲಷ್ಟೇ ಅದು ಎಚ್ಚರಾಗುವುದು, ಅಷ್ಟರಲ್ಲಿ ಗಾಡಿಯ ಓಟ ಸತ್ತಿರುತ್ತದೆ. ಉದ್ದದ ಏರಿನಲ್ಲಿ ಸತತ ಕೆಲಸ ಕೊಟ್ಟರೆ ಬ್ರೇಕು ಕಾದು, ಕೆಲವು ಗಾಡಿಗಳಲ್ಲಿ ವ್ಯವಸ್ಥೆ ತಾನೇ ಸ್ವಲ್ಪ ಹೊತ್ತು ಕೈಬಿಡುತ್ತದೆ. ಚಕ್ರ ತಿರುಗಲು ಶುರುವಾದ ತಕ್ಷಣ ಕಾಲು ತೆಗೆಯುವ ಅಭ್ಯಾಸವೂ ಇದನ್ನು ಕೆಡಿಸುತ್ತದೆ. ಎಕ್ಸಲರೇಟರನ್ನು ಒಂದೇ ಸಮ ಹಿಡಿದು ಎರಡು ಮೂರು ಸೆಕೆಂಡು ಕಾಯಿರಿ, ಕಟಕಟ ಸದ್ದಿನ ಜೊತೆಗೆ ಇನ್ನೊಂದು ಚಕ್ರ ಎಳೆಯಲು ಶುರುಮಾಡುತ್ತದೆ.

ಬಂಡೆಯ ಮೇಲೆ ಅಂಗುಲ ಅಂಗುಲ ಹತ್ತುವ ಕೆಲಸವಿದ್ದರೆ ಲಾಕರ್‌ಗೆ ಬದಲಿಯಿಲ್ಲ. ಬೇಸಿಗೆಯ ಮಣ್ಣುದಾರಿ, ತೆಳು ಕೆಸರು ಅಷ್ಟೇ ಆದರೆ ಒಳ್ಳೆಯ ಟೈರು ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ ಸಾಕು.

ಪ್ರಶ್ನೆ: ಮಾರುಕಟ್ಟೆಯಲ್ಲಿ ಹತ್ತು ಹೆಸರಿನ ಲಾಕರ್‌ಗಳಿವೆ. ಗುಂಪು ಮಾಡಿ ಹೇಳುತ್ತೀರಾ? ಗಾಡಿ ದಿನಾ ಮನೆಯಿಂದ ಕೆಲಸಕ್ಕೂ ಓಡುತ್ತದೆ.

ಬೇಕೆಂದಾಗ ಮಾತ್ರ ಬೀಗ ಬೀಳುವವು ಒಂದು ಗುಂಪು. ಎ.ಆರ್.ಬಿ. ಗಾಳಿಯಿಂದ, ಈಟನ್ ಇ-ಲಾಕರ್ ವಿದ್ಯುತ್ತಿನಿಂದ, ಆಕ್ಸ್ ಕೇಬಲ್ಲಿನಿಂದ ಕೆಲಸ ಮಾಡುತ್ತವೆ. ಸ್ವಿಚ್ಚು ಆಫ್ ಇದ್ದಾಗ ಓಪನ್ ಡಿಫರೆನ್ಷಿಯಲ್‌ಗೂ ಇವಕ್ಕೂ ವ್ಯತ್ಯಾಸವೇ ತಿಳಿಯದು. ದಿನಬಳಕೆಯ ಗಾಡಿಗೆ ನಮ್ಮ ಓಟು ಇದಕ್ಕೇ.

ತಾವೇ ಬೀಗ ಹಾಕಿಕೊಂಡು, ತಿರುವಿನಲ್ಲಿ ಹೊರಚಕ್ರ ವೇಗವಾಗಿ ಹೋಗಬೇಕಾದಾಗ ಬಿಟ್ಟುಕೊಡುವವು ಇನ್ನೊಂದು ಗುಂಪು. ಡೆಟ್ರಾಯ್ಟ್ ಲಾಕರ್ ಪೂರ್ತಿ ಕೇಸ್ (ಡಿಫರೆನ್ಷಿಯಲ್‌ನ ಸಣ್ಣ ಗೇರುಗಳು ಕೂರುವ ಕವಚ) ಸಮೇತ ಬರುತ್ತದೆ. ಲಾಕ್-ರೈಟ್, ಆಸಿ ಲಾಕರ್ ಇತ್ಯಾದಿಗಳು ಹಳೆಯ ಕೇಸಿನೊಳಗಿನ ಸಣ್ಣ ಗೇರುಗಳ ಜಾಗದಲ್ಲಿ ಕೂರುತ್ತವೆ. ಇವನ್ನು ಹಾಕುವಾಗ ಬಹಳಷ್ಟು ಆಕ್ಸಲ್‌ಗಳಲ್ಲಿ ಕೇಸಿಗೆ ಬಿಗಿದ ದೊಡ್ಡ ರಿಂಗ್ ಗೇರಿನ ಹೊಂದಾಣಿಕೆ ಮುಟ್ಟಬೇಕಿಲ್ಲ; ಅದೇ ಇವುಗಳ ದೊಡ್ಡ ಆಕರ್ಷಣೆ. ಆದರೆ ಹಳೆಯ ಕೇಸು, ಅಡ್ಡ ಪಿನ್ನು ಸವೆದಿದ್ದರೆ ಹೊಸ ಲಾಕರ್ ಅದರೊಳಗೆ ಬಹಳ ದಿನ ಬಾಳದು. ಎರಡು ಅರ್ಧಗಳ ನಡುವಿನ ಸಂದು ಕೈಪಿಡಿ ಹೇಳಿದ ಅಳತೆ ಮೀರಿದರೆ ಹಾಕಲೇಬೇಡಿ.

ಈಟನ್‌ನ ಮೆಕ್ಯಾನಿಕಲ್ ಲಾಕರ್ ಇವೆರಡರ ನಡುವಿನದು. ಎಡಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ತಾನೇ ಬೀಗ ಹಾಕಿಕೊಳ್ಳುತ್ತದೆ. ಗಂಟೆಗೆ ಸುಮಾರು 30 ಕಿ.ಮೀ. ದಾಟಿದ ಮೇಲೆ ಹಾಕಿಕೊಳ್ಳುವುದಿಲ್ಲ. ಚಕ್ರ ತುಸು ಜಾರಲು ಬಿಡದಿದ್ದರೆ ಇದು ಏಳುವುದೇ ಇಲ್ಲ. ‘ನನ್ನ ಲಾಕರ್ ಕೆಲಸ ಮಾಡುವುದಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಚಾಲಕರ ಈ ನಾಜೂಕೇ.

ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಮಾಡಿಸುವ ಯೋಚನೆ ರಸ್ತೆಗಿಳಿಯುವ ಗಾಡಿಗೆ ಬೇಡ.

ಒಂದು ಎಚ್ಚರಿಕೆ: ಕೇಸ್ ಸಮೇತ ಕೊಳ್ಳುವಾಗ ಆಕ್ಸಲ್ ಹೆಸರು, ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ ಮತ್ತು ಗೇರ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತಬೇಕು ಎಂಬ ಲೆಕ್ಕ) ಮೂರನ್ನೂ ಹೇಳಬೇಕು. ಡಾನಾ 44 ಆಕ್ಸಲ್‌ನಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕೇಸು, 3.92 ಮತ್ತು ಅದಕ್ಕಿಂತ ಹೆಚ್ಚಿಗೆ ಬೇರೆ ಕೇಸು.

ಪ್ರಶ್ನೆ: ಹಿಂದೆ ಆಟೊಮ್ಯಾಟಿಕ್ ಲಾಕರ್ ಹಾಕಿಸಿದ ಮೇಲೆ ತಿರುವಿನಲ್ಲಿ ಟಿಕ್ ಟಿಕ್ ಸದ್ದು, ಒಮ್ಮೊಮ್ಮೆ ‘ಢಂ’ ಎಂದು ಹೊಡೆದಂತೆ ಆಗುತ್ತದೆ. ಕೆಟ್ಟಿದೆಯೇ?

ನಿಧಾನದ ತಿರುವಿನಲ್ಲಿ ಟಿಕ್ ಟಿಕ್ ಬರಲೇಬೇಕು. ಹೊರಚಕ್ರದ ಹಲ್ಲುಗಳು ಒಂದರ ಮೇಲೊಂದು ಹಾರುವ ಸದ್ದು ಅದು. ‘ಢಂ’ ಆಗುವುದು ತಿರುವಿನ ಮಧ್ಯೆ ಎಕ್ಸಲರೇಟರ್ ಒತ್ತಿ ಬಿಟ್ಟು ಮಾಡಿದಾಗ. ಒತ್ತಿದಾಗ ಲಾಕರ್ ಹಿಡಿದುಕೊಳ್ಳುತ್ತದೆ, ಶಾಫ್ಟು ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಅದು ಬಿಚ್ಚಿಕೊಂಡು ಹೊಡೆಯುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಟ್ಟು, ಸ್ಟೀರಿಂಗ್ ನೇರವಾದ ಮೇಲೆ ಒತ್ತಿದರೆ ಮುಕ್ಕಾಲು ಪಾಲು ಸದ್ದು ಹೋಗುತ್ತದೆ.

ನೇರ ರಸ್ತೆಯಲ್ಲೂ ಹೊಡೆಯುತ್ತಿದ್ದರೆ, ಗಾಡಿ ಒಂದು ಕಡೆ ಎಳೆಯುತ್ತಿದ್ದರೆ, ಮೊದಲು ಹಿಂದಿನ ಎರಡು ಟೈರುಗಳನ್ನು ಅಳೆಯಿರಿ. ಎರಡಕ್ಕೂ ಸಮನಾಗಿ ಗಾಳಿ ತುಂಬಿ. ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ನೇರಕ್ಕೆ ಒಂದು ಸುತ್ತು ತಳ್ಳಿ, ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಗುರುತು ಮಾಡಿ ಟೇಪು ಹಿಡಿಯಿರಿ. ಎಡಬಲದ ನಡುವೆ 6–7 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಒಂದು ಕಡೆ ಹೊಸ ಟೈರು, ಇನ್ನೊಂದು ಕಡೆ ಅರ್ಧ ಸವೆದದ್ದು ಇದ್ದರೆ ಲಾಕರ್ ನೇರ ದಾರಿಯಲ್ಲೂ ಬಿಟ್ಟುಕೊಡುತ್ತಾ ಹಿಡಿಯುತ್ತಾ ಇರುತ್ತದೆ. ಟೈರು ಸರಿಯಿದ್ದರೂ ಸದ್ದು ನಿಲ್ಲದಿದ್ದರೆ ಎಣ್ಣೆ ಇಳಿಸಿ ನೋಡಿ: ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಸಹಜ, ಚೂರು ಸಿಕ್ಕರೆ ಬಿಚ್ಚಿಸಲೇಬೇಕು.

ಪ್ರಶ್ನೆ: ಒಂದೇ ಲಾಕರ್ ಎಂದರೆ ಹಿಂದಕ್ಕೋ, ಮುಂದಕ್ಕೋ?

ಹಿಂದಕ್ಕೆ. ಏರು ಹತ್ತುವಾಗ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಡಿತ ಇರುವಲ್ಲಿ ಬೀಗ ಇರಲಿ. ಹಿಂದಿನದು ಸ್ಟೀರಿಂಗನ್ನು ಅಷ್ಟಾಗಿ ಕಾಡುವುದಿಲ್ಲ. ಮುಂದಿನದನ್ನು ಹಾಕಿದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ತಿರುಗಲು ಇನ್ನಷ್ಟು ಜಾಗ ಬೇಕಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಲಾಕರ್ ಹಾಕಿ, ಎಕ್ಸಲರೇಟರ್ ತುಳಿದಾಗ ಮುರಿಯುವುದು ತಿರುಗಿದ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿ.ವಿ. ಜಾಯಿಂಟು.

ಮುರಿಯುವ ಲೆಕ್ಕವನ್ನೂ ಒಮ್ಮೆ ನೋಡಿ. 200 ನ್ಯೂಟನ್ ಮೀಟರ್ ಎಂಜಿನ್, ಮೊದಲ ಗೇರು 4, ಲೋ ರೇಂಜ್ 2.5, ಆಕ್ಸಲ್ 4 ಎಂದಿಟ್ಟುಕೊಂಡರೆ ಗುಣಿಸಿದಾಗ 8,000. ಓಪನ್ ಡಿಫರೆನ್ಷಿಯಲ್‌ನಲ್ಲಿ ಒಂದು ಶಾಫ್ಟಿಗೆ ಇದರ ಅರ್ಧಕ್ಕಿಂತ ಹೆಚ್ಚು ಹೋಗಲಾರದು. ಬೀಗ ಹಾಕಿದಾಗ, ಉಳಿದ ಚಕ್ರಗಳೆಲ್ಲ ಜಾರುತ್ತಾ ಒಂದು ಮಾತ್ರ ಬಂಡೆಯ ಸಂದಿಗೆ ಸಿಕ್ಕಿದ್ದರೆ, ಹೆಚ್ಚು ಕಡಿಮೆ ಪೂರ್ತಿ ಅದರ ಮೇಲೇ ಬೀಳುತ್ತದೆ. ಆದ್ದರಿಂದ ಲಾಕರ್ ಇದ್ದಾಗ ಎಕ್ಸಲರೇಟರ್ ಕಡಿಮೆಯೇ ಸಾಕು. ಚಕ್ರ ತಿರುಗುತ್ತಿರುವಾಗ ಸ್ವಿಚ್ಚು ಒತ್ತಬೇಡಿ. ಅಡಚಣೆಗೆ ಮೊದಲೇ ನಿಂತು ಹಾಕಿ, ದಾಟಿದ ಮೇಲೆ ತೆಗೆಯಿರಿ. ತೆಗೆದರೂ ಬಿಡದಿದ್ದರೆ ಒಂದೆರಡು ಮೀಟರ್ ಹಿಂದಕ್ಕೆ ಹೋಗಿ ಸ್ಟೀರಿಂಗನ್ನು ಆಚೀಚೆ ತಿರುಗಿಸಿ.

ಪ್ರಶ್ನೆ: ಪಕ್ಕಕ್ಕೆ ವಾಲಿದ ಒದ್ದೆ ಇಳಿಜಾರಿನಲ್ಲಿ ಹಿಂದಿನ ಲಾಕರ್ ಹಾಕಿದ ತಕ್ಷಣ ಗಾಡಿಯ ಹಿಂಭಾಗ ಕೆಳಗೆ ಜಾರಿತು. ಲಾಕರ್ ಇಲ್ಲದ ಗಾಡಿ ನೆಟ್ಟಗೆ ಹೋಯಿತು!

ಹಾಗಾಗುವುದೇ ನಿಯಮ. ಜಾರುತ್ತಾ ತಿರುಗುವ ಚಕ್ರಕ್ಕೆ ಪಕ್ಕದ ಹಿಡಿತವೂ ಇರುವುದಿಲ್ಲ. ಓಪನ್ ಇದ್ದಾಗ ಒಂದು ಚಕ್ರ ಜಾರಿದರೆ ಇನ್ನೊಂದು ಸುಮ್ಮನೆ ನಿಂತು ಗಾಡಿಯನ್ನು ಇಳಿಜಾರಿಗೆ ಬಿಡದೆ ಹಿಡಿಯುತ್ತದೆ. ಬೀಗ ಹಾಕಿದಾಗ ಎರಡೂ ಒಟ್ಟಿಗೆ ಜಾರುತ್ತವೆ. ಅಡ್ಡ ಇಳಿಜಾರಿನಲ್ಲಿ ಲಾಕರ್ ತೆಗೆದು ಹೋಗಿ. ಆಟೊಮ್ಯಾಟಿಕ್ ಇದ್ದವರಿಗೆ ಆ ಆಯ್ಕೆ ಇಲ್ಲ, ಕಾಲು ಹಗುರವಾಗಿರಲಿ.

ಪ್ರಶ್ನೆ: 235/75 ಆರ್ 15 ತೆಗೆದು 31 ಅಂಗುಲದ್ದು ಹಾಕಿಸಬೇಕೆಂದಿದ್ದೇನೆ. ಆಕ್ಸಲ್ ರೇಶಿಯೋ 4.10. ಏನೇನು ಬದಲಾಗುತ್ತದೆ?

ಈಗಿನದರ ಪಕ್ಕೆಯ ಎತ್ತರ 235ರ ಶೇ. 75, ಅಂದರೆ 176 ಮಿ.ಮೀ. ಎರಡು ಪಕ್ಕೆ ಮತ್ತು 381 ಮಿ.ಮೀ. ರಿಮ್ ಸೇರಿ ವ್ಯಾಸ ಸುಮಾರು 733. 31 ಅಂಗುಲವೆಂದರೆ ಕಾಗದದ ಮೇಲೆ 787. ವ್ಯತ್ಯಾಸ 54, ನೆಲದಿಂದ ಆಕ್ಸಲ್ ಏರುವುದು ಅದರ ಅರ್ಧ, 27 ಮಿ.ಮೀ. ಮಾತ್ರ.

ಇದಕ್ಕೆ ಕೊಡುವ ಬೆಲೆ ಕೇಳಿ. ಸ್ಪೀಡೋಮೀಟರ್ 80 ತೋರಿಸುವಾಗ ಓಟ ಮೊದಲಿಗಿಂತ ಶೇ. 7ರಷ್ಟು ಹೆಚ್ಚಿ 86ರ ಹತ್ತಿರ ಇರುತ್ತದೆ. 4.10 ಇದ್ದದ್ದು 3.82ರಂತೆ ನಡೆದುಕೊಳ್ಳುತ್ತದೆ, ಮೊದಲ ಗೇರಿನಲ್ಲಿ ಏರು ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಎಳೆತ ಮರಳಬೇಕಾದರೆ 4.40 ಬೇಕು. ನಿಮ್ಮ ಆಕ್ಸಲ್‌ಗೆ 4.56 ಸಿಗುವುದಾದರೆ ಅದು ಸರಿಹೊಂದುತ್ತದೆ. ಮುಂದೆ ಹಿಂದೆ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಒಂದನ್ನೇ ಬದಲಿಸಿ ಫೋರ್ ವೀಲ್ ಹಾಕಿದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ. ರಿಂಗ್ ಗೇರು ಬಿಚ್ಚುವ ಕೆಲಸ ಇದ್ದೇ ಇದೆಯಲ್ಲ, ಕೇಸ್ ಸಮೇತದ ಲಾಕರ್ ಹಾಕಿಸುವ ಆಸೆಯಿದ್ದರೆ ಅದೇ ದಿನ ಮಾಡಿಸಿ, ಕೂಲಿ ಒಂದೇ ಸಲದ್ದು.

31×10.5 ಆರ್ 15 ಟೈರಿಗೆ 7ರಿಂದ 9 ಅಂಗುಲ ಅಗಲದ ರಿಮ್ ಬೇಕು. ಹೊಸ ರಿಮ್‌ನ ಆಫ್‌ಸೆಟ್ (ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರ) ಪ್ಲಸ್ 25ರಿಂದ ಸೊನ್ನೆಗೆ ಇಳಿದರೆ ಚಕ್ರ 25 ಮಿ.ಮೀ. ಹೊರಗೆ ಬರುತ್ತದೆ, ಬೇರಿಂಗಿಗೆ ಭಾರ ಹೆಚ್ಚುತ್ತದೆ, ತಿರುಗಿಸುವಾಗ ಬಂಪರಿನ ಮೂಲೆಗೆ ಉಜ್ಜುವುದೂ ಆಗಲೇ. ನಾಲ್ಕೂ ಕೊಳ್ಳುವ ಮೊದಲು ಒಂದೇ ಟೈರನ್ನು ಮುಂದೆ ಕೂರಿಸಿ, ಆ ಚಕ್ರವನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಸ್ಪ್ರಿಂಗು ಕುಗ್ಗಿದಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ನೋಡಿ. ಸಮತಟ್ಟು ನೆಲದಲ್ಲಿ ಉಜ್ಜದ ಟೈರು ಅಲ್ಲಿ ಉಜ್ಜುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಭಾರದ ಸೂಚ್ಯಂಕ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. 104 ಎಂದರೆ ಒಂದು ಟೈರಿಗೆ 900 ಕೆ.ಜಿ., 109 ಎಂದರೆ 1,030.

27 ಮಿ.ಮೀ.ಗೆ ಇಷ್ಟೆಲ್ಲ ಬೇಕೇ ಎಂದು ಒಂದು ರಾತ್ರಿ ಯೋಚಿಸಿ. ಅದೇ ಅಳತೆಯ ಗಟ್ಟಿ ಆಲ್ ಟೆರೇನ್ ಟೈರು ಹಾಕಿ, ಉಳಿದ ಹಣವನ್ನು ಹಿಂದಿನ ಲಾಕರ್‌ಗೆ ಎತ್ತಿಡುವುದು ಹೆಚ್ಚಿನವರಿಗೆ ಲಾಭ.

ಪ್ರಶ್ನೆ: ಎ.ಟಿ. ಸಾಕೋ, ಎಂ.ಟಿ. ಬೇಕೋ?

ಎ.ಟಿ. ಎಂದರೆ ಆಲ್ ಟೆರೇನ್, ಎಲ್ಲ ಬಗೆಯ ನೆಲಕ್ಕೆ. ಎಂ.ಟಿ. ಎಂದರೆ ಮಡ್ ಟೆರೇನ್, ಹುಟ್ಟಿದ್ದೇ ಆಳದ ಕೆಸರಿಗೆ. ಬ್ಲಾಕುಗಳ ನಡುವಿನ ಅಗಲವಾದ ಸಂದಿನಲ್ಲಿ ತುಂಬಿದ ಮಣ್ಣನ್ನು ಚಕ್ರದ ವೇಗ ಎಸೆದುಬಿಡುತ್ತದೆ. ತೀರಾ ನಿಧಾನ ಹೋದರೆ ಅದೂ ಮೆತ್ತಿಕೊಳ್ಳುತ್ತದೆ. ಒದ್ದೆ ಡಾಂಬರಿನ ಮೇಲೆ ಇದು ದುರ್ಬಲ. ನೆಲ ಮುಟ್ಟುವ ರಬ್ಬರು ಕಡಿಮೆ, ನೀರಿನ ಪೊರೆ ಸೀಳುವ ಸಣ್ಣ ಸೀಳುಗಳೂ ಕಡಿಮೆ. ಟೈರಿನ ಮೇಲೆ ಕೈಯಾಡಿಸಿ ನೋಡಿ: ಬ್ಲಾಕಿನ ಮೇಲೆ ಬ್ಲೇಡಿನಿಂದ ಗೀರಿದಂಥ ಗೆರೆಗಳು ಹೆಚ್ಚಿದ್ದಷ್ಟೂ ಒದ್ದೆ ರಸ್ತೆಯಲ್ಲೂ ಒದ್ದೆ ಬಂಡೆಯ ಮೇಲೂ ವಾಸಿ. ಮರಳಿಗೆ ಎಂ.ಟಿ. ಬೇಡವೇ ಬೇಡ, ಸ್ವಲ್ಪ ಜಾರಿದರೆ ಸಾಕು, ಸಲಿಕೆಯಂತೆ ತೋಡುತ್ತದೆ. ಓಟದ ಬಹುಪಾಲು ಡಾಂಬರಿನಲ್ಲಿದ್ದರೆ ಎ.ಟಿ. ಹಿಮದ ನಾಡಿಗೆ ಹೋಗುವವರು ಪಕ್ಕೆಯ ಮೇಲೆ ಮೂರು ಶಿಖರದ ನಡುವೆ ಹಿಮದ ಹೂವಿನ ಗುರುತು ಹುಡುಕಲಿ; ಬರೀ ‘ಎಂ ಪ್ಲಸ್ ಎಸ್’ ಎಂದಿದ್ದರೆ ಹಿಮದಲ್ಲಿ ಪರೀಕ್ಷೆ ಆಗಿದೆ ಎಂದರ್ಥವಲ್ಲ.

ಪ್ರಶ್ನೆ: ಗಾಳಿ ಎಷ್ಟು ಇಳಿಸಬೇಕು? ಟೈರು ರಿಮ್ಮಿನಿಂದ ಕಳಚುವ ಭಯ.

ಸುಮಾರು 1,800 ಕೆ.ಜಿ. ಗಾಡಿ, ರಸ್ತೆಯಲ್ಲಿ 32 ಎಂದಿಟ್ಟುಕೊಳ್ಳಿ. ಜಲ್ಲಿ, ಕಲ್ಲುಮಣ್ಣಿನ ದಾರಿಗೆ 26. ಕೆಸರಿಗೆ 20ರ ಆಸುಪಾಸು. ಬಂಡೆಗೆ 18. ಸಡಿಲ ಮರಳಿಗೆ 15ರಿಂದ 18. ಹಗುರ ಗಾಡಿಗೆ ಇನ್ನೂ ಒಂದೆರಡು ಇಳಿಯಬಹುದು. ಗಾಳಿ ಇಳಿದಾಗ ಟೈರು ನೆಲದ ಮೇಲೆ ಅಗಲವಾಗುವುದಕ್ಕಿಂತ ಉದ್ದವಾಗುವುದೇ ಹೆಚ್ಚು; ಪ್ರಯೋಜನ ಅದರಿಂದಲೇ.

ಮಾಮೂಲಿ ರಿಮ್ಮಿನಲ್ಲಿ 15ಕ್ಕಿಂತ ಕೆಳಗೆ ಹೋದರೆ ಭಯಕ್ಕೆ ಕಾರಣವಿದೆ. ಕಳಚುವುದು ಮುಖ್ಯವಾಗಿ ವೇಗದಲ್ಲಿ ಸ್ಟೀರಿಂಗ್ ಸೆಳೆದಾಗ, ಇಲ್ಲವೇ ಪಕ್ಕೆ ಕಲ್ಲಿಗೆ ಒತ್ತಿಕೊಂಡು ತಿರುಗಿದಾಗ. 20ರಲ್ಲಿ ಗಂಟೆಗೆ 40 ಕಿ.ಮೀ., 15ರಲ್ಲಿ 25 ಕಿ.ಮೀ. ದಾಟಬೇಡಿ. ಡಾಂಬರು ಸಿಕ್ಕಿದಲ್ಲೇ ನಿಂತು ತುಂಬಿಸಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದ ಟೈರಿನ ಪಕ್ಕೆ ಮಡಚಿ ಬಿಚ್ಚಿ ಕಾದು ಒಳಗಿನಿಂದ ಹರಿಯುತ್ತದೆ, ಹೊರಗೆ ಗುರುತು ಕಾಣದು.

ಟೈರಿನ ಅಳತೆ ಬದಲಿಸಿದವರಿಗೆ ಬಾಗಿಲಿನ ಚೀಟಿಯ ರಸ್ತೆ ಒತ್ತಡ ಹೊಂದದೇ ಹೋಗಬಹುದು. ಟ್ರೆಡ್ಡಿನ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಸಮತಟ್ಟಾದ ರಸ್ತೆಯಲ್ಲಿ ನೂರು ಮೀಟರ್ ನೇರ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಎರಡೆರಡು ಪಿಎಸ್‌ಐ ಸರಿಪಡಿಸಿ ಮತ್ತೆ ಎಳೆಯಿರಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟೈರಿನ ವಯಸ್ಸು ತಿಳಿಯುವುದು ಹೇಗೆ?

ಪಕ್ಕೆಯ ಮೇಲೆ ‘ಡಿ.ಓ.ಟಿ.’ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2321 ಎಂದರೆ 2021ರ 23ನೇ ವಾರ. ಒಂದು ಕಡೆ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿರುತ್ತದೆ. ಆರು ವರ್ಷ ದಾಟಿದ್ದನ್ನು, ಟ್ರೆಡ್ ಎಷ್ಟೇ ಇರಲಿ, ನಾವು ಕೊಳ್ಳುವುದಿಲ್ಲ.

ಪ್ರಶ್ನೆ: ಏರ್ ಲಾಕರ್ ಹಾಕಿದಾಗ ಕಂಪ್ರೆಸರ್ ಪದೇ ಪದೇ ಓಡುತ್ತದೆ. ಲಾಕರ್‌ಗೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವಿನ ಬಾಯಲ್ಲಿ ಗೇರ್ ಎಣ್ಣೆ ಕಾಣುತ್ತಿದೆ. ಲಾಕರ್ ಹಿಡಿಯುತ್ತಿದೆಯೋ ಇಲ್ಲವೋ ಅನುಮಾನ.

ಲಾಕರ್ ಸ್ವಿಚ್ಚು ಆಫ್ ಇಟ್ಟು ಕಂಪ್ರೆಸರ್ ಮಾತ್ರ ಆನ್ ಮಾಡಿ. ಆಗಲೂ ಮತ್ತೆ ಮತ್ತೆ ಓಡಿದರೆ ಸೋರಿಕೆ ಸೊಲೆನಾಯ್ಡ್‌ಗೆ ಮೊದಲು; ಸೋಪುನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಲಾಕರ್ ಆನ್ ಆದಾಗ ಮಾತ್ರ ಓಡಿದರೆ ಕೊಳವೆ ಹಾದುಹೋದ ದಾರಿಯನ್ನೆಲ್ಲ, ಕೊನೆಗೆ ಆಕ್ಸಲ್ ಹೌಸಿಂಗಿಗೆ ಸೇರುವ ಫಿಟ್ಟಿಂಗನ್ನು ಹೀಗೇ ನೋಡಿ. ಹೊರಗೆ ಎಲ್ಲೂ ಗುಳ್ಳೆ ಬರದಿದ್ದರೆ ಆಕ್ಸಲ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಕೊಳವೆಯ ತುದಿಗೆ ಬೆರಳಿಡಿ. ಲಾಕರ್ ಹಾಕಿದಾಗ ಅಲ್ಲಿಂದ ಗಾಳಿ ಬಂದರೆ ಸೋರಿಕೆ ಒಳಗಿದೆ: ಸೀಲ್ ಹೌಸಿಂಗಿನ ಓ-ರಿಂಗುಗಳು, ಇಲ್ಲವೇ ಒಳಗಿನ ತಾಮ್ರದ ಕೊಳವೆ.

ಎಣ್ಣೆ ಮೇಲೇರಲು ಕಾರಣಗಳು ಸಾಮಾನ್ಯವಾಗಿ ಮೂರು. ಬ್ರೀದರ್ ಕಟ್ಟಿಕೊಂಡು, ಕಾದ ಆಕ್ಸಲ್‌ನೊಳಗಿನ ಒತ್ತಡ ಎಣ್ಣೆಯನ್ನು ಗಾಳಿ ಕೊಳವೆಗೆ ನೂಕುವುದು, ಎಣ್ಣೆ ಹೆಚ್ಚು ತುಂಬಿರುವುದು, ಓ-ರಿಂಗು ಸವೆದಿರುವುದು. ಈ ಕ್ರಮದಲ್ಲೇ ನೋಡಿ, ಮೊದಲೆರಡಕ್ಕೆ ಆಕ್ಸಲ್ ಬಿಚ್ಚಬೇಕಿಲ್ಲ.

ಹಿಡಿಯುತ್ತಿದೆಯೇ ಎಂದು ನೋಡಲು: ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡು ಕೊಡಿ. ಎಂಜಿನ್ ಆಫ್, ಕೀಲಿ ಮಾತ್ರ ಆನ್, ಟೂ ವೀಲ್ ಡ್ರೈವ್, ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕು ಬಿಟ್ಟಿರಲಿ. ಲಾಕರ್ ಹಾಕಿ ಒಂದು ಚಕ್ರ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಬೇಕು. ಈಗ ಗಾಡಿಯನ್ನು ಗೇರಿಗೆ ಹಾಕಿ: ಲಾಕರ್ ಇದ್ದಾಗ ಚಕ್ರ ಕದಲಬಾರದು, ತೆಗೆದಾಗ ಒಂದನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು. ಗಾಳಿ ಇದ್ದೂ ಹಿಡಿಯದಿದ್ದರೆ ಚಕ್ರವನ್ನು ಸ್ವಲ್ಪ ಆಚೀಚೆ ಆಡಿಸಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ‘ಟಕ್’ ಎಂದು ಕೂರುತ್ತದೆ.

ಪ್ರಶ್ನೆ: ಲಾಕರ್ ಹಾಕಿದ ಆಕ್ಸಲ್‌ಗೆ ಲಿಮಿಟೆಡ್ ಸ್ಲಿಪ್ ಎಣ್ಣೆ ಬೇಕೇ?

ಬೇಡ. ಆ ಎಣ್ಣೆಯಲ್ಲಿ ಬೆರೆಸಿರುವ ಸೇರ್ಪಡೆ ಕ್ಲಚ್ಚು ಪ್ಲೇಟುಗಳಿರುವ ಲಿಮಿಟೆಡ್ ಸ್ಲಿಪ್‌ಗೆ. ಲಾಕರ್‌ಗೆ ತಯಾರಕರು ಹೇಳಿದ ದಪ್ಪದ ಜಿ.ಎಲ್.-5 ಗೇರ್ ಎಣ್ಣೆ ಸಾಕು. ಹೊಸದಾಗಿ ಹಾಕಿಸಿದ ಮೇಲೆ ಮೊದಲ ಎಣ್ಣೆಯನ್ನು 800 ಕಿ.ಮೀ.ಗೆ ಇಳಿಸಿಬಿಡಿ, ಮತ್ತು ಅಷ್ಟರೊಳಗೆ, 50–80 ಕಿ.ಮೀ. ಓಡಿದಾಗ, ಬಿಚ್ಚಿ ಹಾಕಿದ ಚಕ್ರಗಳ ನಟ್ಟುಗಳನ್ನು ಟಾರ್ಕ್ ಪಾನಾ ಹಿಡಿದು ಇನ್ನೊಮ್ಮೆ ನೋಡಿ.